ಬುಗುಡಿ ಕಿವಿಗೆ ಹೆಡ್‌ಫೋನ್

ಆಗ ನನಗೆ ಅರವತ್ತೆಂಟು, ಓಟಿನ ಕಾರ್ಡಿನ ಪ್ರಕಾರ. ಈಗ ಅದಕ್ಕೆ ಮೂರು ವರ್ಷವಾಯಿತು. ಪೊಂಗಲ್ ಕಳೆದ ಮೇಲೆ, ನಲ್ಲಂಪಳ್ಳಿ ಹತ್ತಿರದ ಗಂಡನ ಊರಿನಲ್ಲಿ ಕುರಿಗಳನ್ನು ಸೊಸೆಯ ಪಾಲಿಗೆ ಬಿಟ್ಟು, ನಂಗವಳ್ಳಿ ಕಡೆಯ ನನ್ನ ತವರಿಗೆ ಹೋಗಿ ಕೂತೆ. ಹೋದದ್ದು ಕೇಳುವ ಕೆಲಸಕ್ಕೆ. ಕೇಳುವುದೂ ಒಂದು ಕೆಲಸವಾ ಎಂದು ಬಸ್ಸಿನಲ್ಲಿ ಒಬ್ಬಳು ನಕ್ಕಳು. ನಾನು ಕೂಲಿಗೆ ಕಳೆ ಕಿತ್ತಿದ್ದೇನೆ, ಬಾವಿ ತೋಡುವಲ್ಲಿ ಮಣ್ಣು ಹೊತ್ತಿದ್ದೇನೆ. ಯಾವುದೂ ನನ್ನನ್ನು ಇಷ್ಟು ಸುಸ್ತು ಮಾಡಿರಲಿಲ್ಲ.

ನಮ್ಮ ತವರಿನ ದೇವರ ಪೆಟ್ಟಿಗೆಯನ್ನು ಹನ್ನೆರಡು ವರ್ಷಕ್ಕೊಮ್ಮೆ, ಮಾಸಿ ತಿಂಗಳ, ಅಂದರೆ ಶಿವರಾತ್ರಿಯ, ಅಮಾವಾಸ್ಯೆಗೆ ತೆರೆಯುತ್ತಾರೆ. ತೆರೆಯುವ ಮೊದಲು ದೇವರ ಮಂದೆ ಎಲ್ಲಿಂದ ಹೊರಟಿತು, ಎಲ್ಲೆಲ್ಲಿ ಇಳಿದು ಇಲ್ಲಿಗೆ ಬಂತು ಎಂಬ ಕಥೆಯನ್ನು ಪೂರ್ತಿ ಹಾಡಬೇಕು. ಒಂದು ಇಳಿದಾಣ ತಪ್ಪಿದರೂ ಪೆಟ್ಟಿಗೆಗೆ ಕೈ ಹಾಕುವಂತಿಲ್ಲ. ಮುಂದಿನ ಹನ್ನೆರಡು ವರ್ಷ ಕಾಯಬೇಕು. ಅದನ್ನು ಹಾಡುತ್ತಿದ್ದವನು ನನ್ನ ಅಣ್ಣ. ಗಂಟಲಿಗೆ ಆಪರೇಷನ್ ಆಗಿ ಅವನ ದನಿ ಹೋಯಿತು. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಇನ್ನೊಂದು ಹನ್ನೆರಡು ವರ್ಷ ತಾನು ಇರುವವನಲ್ಲ ಎಂದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಹಾಡು ಮಗನ ಬಾಯಿಗೆ ಬರಬೇಕು, ತನ್ನ ಕಣ್ಣೆದುರಿಗೆ ಪೆಟ್ಟಿಗೆ ತೆರೆಯಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಮಗ, ಅಂದರೆ ನನ್ನ ಸೋದರಳಿಯ, ಮಿನಿ ಬಸ್ಸಿನ ಡ್ರೈವರ್. ಅವನಿಗೆ ಮನೆಯ ಕನ್ನಡ ಬರುತ್ತದೆ, ಹಾಡಿನ ಕನ್ನಡ ಬರುವುದಿಲ್ಲ. ಓದುವುದು ಬರೆಯುವುದು ಎಲ್ಲ ತಮಿಳಿನಲ್ಲಿ. ಅದೃಷ್ಟಕ್ಕೆ, ಆಪರೇಷನ್ನಿಗೆ ಮುಂಚೆ ಸೇಲಂ ಕಡೆಯ ಒಂದು ಕಾಲೇಜಿನ ಮೇಡಂ ಬಂದು, ಅಣ್ಣನೂ ಅತ್ತಿಗೆಯೂ ಕುರಿಹಟ್ಟಿಯಲ್ಲಿ ಕೂತು ಹಾಡಿದ್ದನ್ನು ಮಿಷನ್ನಿನಲ್ಲಿ ಹಿಡಿದುಕೊಂಡಿದ್ದರು. ಅದಾದ ಮೇಲೆ ಅತ್ತಿಗೆ ತೀರಿಕೊಂಡಳು. ಮೇಡಂ ನೇಕಾರರ ಮನೆಯ ಹೆಣ್ಣು, ಟೌನಿನ ಕನ್ನಡ ಆಡುವವರು. ಎಷ್ಟು ಸಲ ಹಾಕಿ ಕೇಳಿದರೂ ಹಟ್ಟಿಯ ಕುರಿಗಳ ಕೂಗಿನಲ್ಲಿ, ಗಾಳಿಯಲ್ಲಿ, ಆ ಹಳೆಯ ಮಾತು ಅವರಿಗೆ ಹಿಡಿಯಲಿಲ್ಲ. ಅದನ್ನು ಕೇಳಿ ಬಿಡಿಸಿ ಹೇಳುವ ಬಾಯಿ ಉಳಿದಿದ್ದು ನನ್ನದೊಂದೇ.

ಕೆಲಸದ ಕ್ರಮ ಹೀಗಿತ್ತು. ತಲೆಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಉಸಿರಿನಷ್ಟು ಹಾಡು ಕೇಳಬೇಕು. ಕಂಪ್ಯೂಟರಿನ ಉದ್ದದ ಗುಂಡಿ ಒತ್ತಿ ನಿಲ್ಲಿಸಬೇಕು. ಕೇಳಿದ್ದನ್ನು ರಾಗವಿಲ್ಲದೆ, ಮಗುವಿಗೆ ಹೇಳುವ ಹಾಗೆ, ನಿಧಾನವಾಗಿ ಇನ್ನೊಂದು ಮೈಕಿಗೆ ಹೇಳಬೇಕು. ಮತ್ತೆ ಗುಂಡಿ. ನಾನು ಹೇಳಿದ್ದನ್ನು ಮೇಡಂ ಬರೆದುಕೊಳ್ಳುವುದು, ಆಮೇಲೆ ಅಳಿಯನಿಗೆ ತಮಿಳು ಅಕ್ಷರದಲ್ಲಿ ಕೊಡುವುದು. ಹೊರಗೆ ಸ್ಪೀಕರಿನಲ್ಲಿ ಹಾಕಿ ಕೇಳಬಹುದಲ್ಲ ಎಂದು ಕೇಳಿದೆ. ಹಾಕಿ ತೋರಿಸಿದರು. ಹಾಡು ಗದ್ದಲವಾಗಿ ಕೇಳಿತು, ಜೊತೆಗೆ ನನ್ನ ಮೈಕಿಗೂ ಸೇರಿಕೊಂಡಿತು. ಹೆಡ್‌ಫೋನೇ ಆಗಬೇಕಿತ್ತು. ಬೆಳಗ್ಗೆ ಗಂಜಿ ಕುಡಿದು ಕೂತರೆ ಕುರಿ ಹಟ್ಟಿಗೆ ಮರಳುವವರೆಗೆ.

ಇನ್ನು ನನ್ನ ಕಿವಿಯ ವಿಷಯ. ಕೆಳಗೆ ಓಲೆ, ಮೇಲೆ ಬುಗುಡಿ. ಓಲೆ ಕೊಕ್ಕೆಯದು, ಬೇಕಾದಾಗ ತೆಗೆಯಬಹುದು. ಬುಗುಡಿ ಹಾಗಲ್ಲ. ಕಿವಿಯ ಮೇಲಿನ ಗಟ್ಟಿ ಭಾಗಕ್ಕೆ ತೂತು ಹಾಕಿ, ಹಿಂದಿನಿಂದ ತಿರುಪು ಬಿಗಿದದ್ದು. ಮುಂದೆ ಮೊಳಕೆ ಬಂದ ಅವರೆಕಾಳಿನಷ್ಟು ಎದ್ದು ನಿಂತಿರುತ್ತದೆ. ಮದುವೆಯಲ್ಲಿ ತವರಿನವರು ಹಾಕಿಸುತ್ತಾರೆ. ಹೆಂಗಸು ಸತ್ತ ಮೇಲೆ ತವರಿನವರೇ ಬಂದು ತೆಗೆಯುತ್ತಾರೆ, ಆಮೇಲೆ ಮಣ್ಣು. ತೆಗೆದರೆಂದರೆ ಅವಳಿಗೂ ತವರಿಗೂ ಮುಗಿಯಿತು, ಆ ಒಲೆಯ ಅನ್ನದ ಋಣವೂ ತೀರಿತು. ಗಂಡ ಸತ್ತಾಗಲೂ ನನ್ನ ಬುಗುಡಿಗೆ ಯಾರೂ ಕೈ ಹಚ್ಚಲಿಲ್ಲ. ತಿರುಪು ಕೊಳೆ ಕಟ್ಟಿ ಕಿವಿಯ ಜೊತೆ ಒಂದಾಗಿತ್ತು.

ಮೇಡಂ ಮೊದಲು ಕೊಟ್ಟಿದ್ದು ಅವರದೇ ಚಿಕ್ಕ ಹೆಡ್‌ಫೋನ್. ಅದು ಕಿವಿಯ ಮೇಲೆ ಕೂರುವ ಜಾತಿ, ಬಿಸ್ಕತ್ತಿನ ಹಾಗೆ ಚಪ್ಪಟೆ. ಬುಗುಡಿಯನ್ನು ನೇರವಾಗಿ ಒತ್ತಿತು. ತಿರುಪಿನ ತಲೆ ಹಿಂದಿನಿಂದ ತಲೆಬುರುಡೆಗೆ ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಕಿವಿ ಕಾದ ಹಂಚಾಗಿತ್ತು. ಆಮೇಲೆ ಕಿವಿಯೊಳಗೆ ತುರುಕುವ ಬೀಜದಂಥದ್ದು ಕೊಟ್ಟರು. ಅದು ಕೇಳುವವರಿಗೆ ಸರಿ. ನಾನು ಕೇಳಿ ಕೇಳಿ ಹೇಳಬೇಕು. ದವಡೆ ಆಡಿದಾಗಲೆಲ್ಲ ಅದು ಜಾರಿ ಮಡಿಲಿಗೆ ಬೀಳುತ್ತಿತ್ತು. ಎಷ್ಟು ಸಲ ಎಂದು ಹೆಕ್ಕುವುದು?

ಅಳಿಯ ಸೇಲಂಗೆ ಹೋದವನು ಒಂದು ದೊಡ್ಡದು ತಂದ. ಕಿವಿಯನ್ನು ಪೂರ್ತಿ ಒಳಗೆ ಹಾಕಿಕೊಳ್ಳುವ ಬಟ್ಟಲು, ಕಪ್ಪು ರೆಕ್ಸಿನ್, ಬದಿಯಲ್ಲಿ ಕೆಂಪು ದೀಪ.

“ಅತ್ತೆ, ಇದು ಗೇಮ್ ಆಡೋರು ಆಕ್ಕೊಳ್ಳೋದು. ರೊಂಬ ನಲ್ಲಾ ಐತೆ. ದಿನಾ ಪೂರ್ತಿ ಆಕ್ಕೊಂಡೇ ಇರ್ತಾರಂತೆ,” ಎಂದ.

“ಅವ್ರಿಗೆ ಬುಗುಡಿ ಐತೇನ್ಲಾ?” ಎಂದೆ.

ಬಟ್ಟಲೇನೋ ದೊಡ್ಡದು, ಒಳಗಿನ ಕುಳಿ ಆಳವಿರಲಿಲ್ಲ. ಬುಗುಡಿ ಒಳಗಿನ ತಟ್ಟೆಗೆ ತಾಗುತ್ತಿತ್ತು. ಬಿಗಿಯಂತೂ ಕುರಿಯನ್ನು ತೊಡೆಯ ನಡುವೆ ಹಿಡಿದು ಉಣ್ಣೆ ಕತ್ತರಿಸುವಾಗಿನ ಬಿಗಿ. ಬಿಗಿ ಬಿಡಿಸಬೇಕೆಂದು ಅಳಿಯ ಅದನ್ನು ನೀರಿನ ಅಂಡೆಯ ಬಾಯಿಗೆ ಅಗಲಿಸಿ ಸಿಕ್ಕಿಸಿ ಡ್ಯೂಟಿಗೆ ಹೋದ. ಸಂಜೆ ಬಂದು ತೆಗೆದಾಗ ಅದು ಅಂಡೆಯಷ್ಟೇ ಅಗಲವಾಗಿತ್ತು. ಹಾಕಿಕೊಂಡರೆ ಕೆನ್ನೆಗೆ ಜಾರಿತು. ಮತ್ತೆ ಬಗ್ಗಿಸಿದೆವು. ಮೇಲಿನ ಪಟ್ಟಿ ನೆತ್ತಿಗೆ ಕೊರೆಯುತ್ತದೆ ಎಂದು ಹಳೆ ಸೀರೆಯ ಚೂರು ಸುತ್ತಿದೆ. ರೆಕ್ಸಿನ್ನಿನೊಳಗೆ ಬೆವರು ಇಳಿಯಿತು. ವಾರದಲ್ಲಿ ಸಿಪ್ಪೆ ಎದ್ದು ಕರೀ ಚೂರುಗಳು ಕೆನ್ನೆಗೆ ಮೆತ್ತಿಕೊಂಡವು. ಅಂಗಡಿಗೆ ಹೋದರೆ ಇದ್ದಿಲು ಮಾರುವವಳಾ ಎಂದು ಕೇಳುವ ಹಾಗಿದ್ದೆ.

ಆಮೇಲೆ ನನ್ನದೇ ಒಂದು ಉಪಾಯ. ತಲೆಯ ಮೇಲೆ ಕೊಡ ಹೊರುವಾಗ ಸಿಂಬಿ ಇಡುತ್ತೇವಲ್ಲ, ಅಂಥದ್ದೇ ಎರಡು ಚಿಕ್ಕ ಸಿಂಬಿ ಸುತ್ತಿದೆ. ಕಿವಿಯ ಸುತ್ತ ಅದನ್ನಿಟ್ಟು ಅದರ ಮೇಲೆ ಬಟ್ಟಲು ಕೂರಿಸಿದೆ. ಬಟ್ಟಲು ಎತ್ತರವಾಯಿತು, ಬುಗುಡಿಗೆ ಜಾಗ ಸಿಕ್ಕಿತು. ಆದರೆ ಸಂದಿನಿಂದ ಸದ್ದು ಸೋರಿತು. ಹೊರಗಿನ ಕೋಳಿ ಒಳಗೆ ಬಂತು. ಅಷ್ಟರಲ್ಲಿ ಬಲಗಿವಿ ಊದಿಕೊಂಡಿತ್ತು, ಸಿಂಬಿಯನ್ನೂ ತಡೆಯುತ್ತಿರಲಿಲ್ಲ. ನಾನು ಬಲಬದಿಯ ಬಟ್ಟಲನ್ನು ಕಿವಿಯ ಹಿಂದಕ್ಕೆ ತಳ್ಳಿ, ಎಡಗಿವಿಯೊಂದರಲ್ಲೇ ಕೇಳತೊಡಗಿದೆ. ಒಂದು ಕಿವಿ ಸಾಕು ಎಂದುಕೊಂಡೆ. ಫೋನಿನಲ್ಲಿ ಮಾತಾಡುವವರು ಎರಡೂ ಕಿವಿಗೆ ಇಟ್ಟುಕೊಳ್ಳುತ್ತಾರಾ?

ಮೊದಲ ಭಾಗ ದೇವರನ್ನು ಕರೆಯುವುದು, ಅದನ್ನು ಅಣ್ಣ ಒಬ್ಬನೇ ಹಾಡುತ್ತಾನೆ. ಅದು ಮುಗಿದಿತ್ತು. ಮುಂದಿನದು ಇಳಿದಾಣಗಳ ಭಾಗ. ಎಲ್ಲಿ ಇಳಿಯಿತು ಮಂದೆ, ಯಾರು ಕೊಟ್ಟರು ನೀರು ಎಂದು ಅಣ್ಣ ಹಾಡುತ್ತಾನೆ. ಆಮೇಲೆ ದೂರದಲ್ಲಿ ಯಾರೋ ಗೊಣಗಿದ ಹಾಗೆ ಇರುತ್ತದೆ. ಮಿಷನ್ ಸರಿಯಾಗಿ ಹಿಡಿದಿಲ್ಲ ಎಂದುಕೊಂಡೆ. ಆ ಜಾಗಕ್ಕೆ ಯಾವ ಮಾತು ಬರಬೇಕೋ ನನಗೆ ಬಾಯಲ್ಲೇ ಇತ್ತು. ಹೇಳುತ್ತಾ ಹೋದೆ. ಮಾತು ಸರಾಗವಾಗಿ ಬಂತು. ಮೇಡಂಗೂ ಸಂತೋಷ, ಕೆಲಸ ಓಡುತ್ತಿದೆ ಎಂದು.

ಬರೆದದ್ದನ್ನು ವಾರಕ್ಕೊಮ್ಮೆ ಅಣ್ಣನಿಗೆ ಓದಿ ಹೇಳುವುದು ಎಂದಿತ್ತು. ಮೇಡಂ ಜಗಲಿಯಲ್ಲಿ ಕೂತು ಓದಿದರು. ದೇವರನ್ನು ಕರೆಯುವ ಭಾಗಕ್ಕೆಲ್ಲ ಅಣ್ಣ ತಲೆ ಆಡಿಸಿದ. ಮೊದಲನೆಯ ಇಳಿದಾಣದ ಹೆಸರು ಬಂದಾಗ ಅಂಗೈಯಿಂದ ನೆಲಕ್ಕೆ ಬಡಿದ. ಅಳಿಯ ನೀರು ತಂದುಕೊಟ್ಟ. ಅಣ್ಣ ಲೋಟವನ್ನು ಪಕ್ಕಕ್ಕೆ ತಳ್ಳಿದ. ಎರಡನೆಯ ಹೆಸರಿಗೂ ಬಡಿದ. ಮೂರನೆಯದಕ್ಕೆ ಎದ್ದು ಒಳಗೆ ಹೋಗಿ, ಗೋಡೆಯ ಮೇಲಿದ್ದ ಅತ್ತಿಗೆಯ ಫೋಟೋವನ್ನು ಬೆರಳಿಂದ ತಟ್ಟಿ, ನನ್ನನ್ನು ದುರುಗುಟ್ಟಿ ನೋಡಿದ.

ಮೇಡಂ ಕಂಪ್ಯೂಟರ್ ತೆರೆದರು. ತೆರೆಯ ಮೇಲೆ ಒಂದರ ಕೆಳಗೊಂದು ಎರಡು ಗೆರೆ. ಆವತ್ತು ಇಬ್ಬರ ಎದೆಗೂ ಬೇರೆ ಬೇರೆ ಮೈಕು ಸಿಕ್ಕಿಸಿದ್ದರು. ಅಣ್ಣನದು ಎಡಗಿವಿಗೆ, ಅತ್ತಿಗೆಯದು ಬಲಗಿವಿಗೆ.

“ಪಾಟಿ, ಬಲಗಿವೀಲಿ ಏನು ಕೇಳಿಸ್ತು?” ಎಂದರು. ಅಜ್ಜಿಗೆ ಅವರು ತಮಿಳಿನಲ್ಲಿ ಪಾಟಿ ಎನ್ನುವುದು.

“ಆ ಕಿವಿಗೆ ಆಕ್ಕೊಂಡೇ ಇಲ್ವಲ್ಲ.”

ಮೇಡಂ ಬರೆದಿದ್ದ ಹಾಳೆಗಳನ್ನು ಮಡಚಿಟ್ಟರು. ಆಮೇಲೆ, ಎರಡು ಮೈಕಿನ ವಿಷಯ ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು ಎಂದರು. ತಪ್ಪು ಯಾರದಾದರೇನು, ಆಗಿದ್ದಾಗಿತ್ತು. ಹಾಡಿನಲ್ಲಿ ಅಣ್ಣ ಪ್ರಶ್ನೆ ಕೇಳುವವನು, ಅತ್ತಿಗೆ ಉತ್ತರ ಹೇಳುವವಳು. ಇಳಿದಾಣದ ಹೆಸರು, ನೀರು ಕೊಟ್ಟವರ ಹೆಸರು ಎಲ್ಲ ಅವಳ ಬಾಯಲ್ಲೇ ಇದ್ದದ್ದು. ನಾನು ಆ ಜಾಗಕ್ಕೆಲ್ಲ ನನಗೆ ಗೊತ್ತಿದ್ದದ್ದನ್ನು ತುಂಬಿದ್ದೆ. ನನಗೆ ಗೊತ್ತಿದ್ದದ್ದು ಗಂಡನ ಮನೆಯ ದೇವರ ದಾರಿ. ಮದುವೆಯಾಗಿ ಹೋದಾಗಿನಿಂದ ಅಲ್ಲಿ ಹೇಳುವವಳು ನಾನೇ. ರಾಗ ಅದೇ, ಪ್ರಶ್ನೆ ಅದೇ, ಮಂದೆ ಮಾತ್ರ ಬೇರೆ. ಗಂಡನ ಮನೆಯ ಮಂದೆ ಎಳ್ಳುಬಂಡೆಯಲ್ಲಿ ಇಳಿದರೆ ತವರಿನದು ಸುಣ್ಣದ ಹಳ್ಳದಲ್ಲಿ ಇಳಿದದ್ದು. ತವರಿನ ದೇವರ ಮುಂದೆ ಗಂಡನ ಮನೆಯ ದೇವರ ದಾರಿ ಹಾಡಿಸಲು ಹೊರಟಿದ್ದೆ. ಅಣ್ಣ ನೆಲಕ್ಕೆ ಬಡಿಯದೆ ಇನ್ನೇನು ಮಾಡುತ್ತಾನೆ?

ಇಳಿದಾಣಗಳೆಲ್ಲ ಮೊದಲಿಂದ ಆಗಬೇಕಾಯಿತು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು.

ತಿರುಗಿಸಿ ಹಾಕಿಕೋ ಎಂದ ಅಳಿಯ. ಬಲದ ಬಟ್ಟಲು ಎಡಗಿವಿಗೆ. ಹಾಗೇ ಮಾಡಿದೆ. ಅತ್ತಿಗೆ ಕೇಳಿಸಿದಳು, ಆದರೆ ಅವಳದು ಸಣ್ಣ ದನಿ, ಪಕ್ಕದಲ್ಲೇ ಕುರಿಮರಿ. ಸದ್ದು ಏರಿಸಿ, ಬಟ್ಟಲನ್ನು ಕೈಯಿಂದ ಒತ್ತಿ ಹಿಡಿದು ಕೇಳಬೇಕು. ಎರಡು ದಿನಕ್ಕೆ ಎಡಗಿವಿಯೂ ಊದಿ ಕೀವು ಕಟ್ಟಿತು. ಮೇಡಂ ಆ ದನಿಯನ್ನೇ ಎರಡೂ ಬದಿಗೆ ಬರುವ ಹಾಗೆ ಮಾಡಿ, ಎಲ್ಲಿಂದಲೋ ಇನ್ನೊಂದು ಹೆಡ್‌ಫೋನ್ ತರಿಸಿದರು. ಅದು ನಿಜವಾಗಿ ಒಳ್ಳೆಯದು. ಹಗುರ. ರೆಕ್ಸಿನ್ ಅಲ್ಲ, ಮಕಮಲ್ಲಿನಂಥ ಬಟ್ಟೆ. ಕುಳಿ ಆಳ. ಹಿಂಬದಿಯಲ್ಲಿ ಜಾಲರಿ ಇದ್ದು ಗಾಳಿಯಾಡುತ್ತದೆ. ಬಿಗಿ ಕೈಯಲ್ಲಿ ಹಿಡಿದಷ್ಟೇ. ಬೇರೆ ಕಿವಿಯಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ನನ್ನ ಬುಗುಡಿ ಅದರ ಒಳಗಿನ ಜಾಲರಿಗೂ ಮುಟ್ಟಿತು. ಬಾಯಿ ತೆರೆದಾಗಲೆಲ್ಲ ಟಿಕ್ ಟಿಕ್ ಎಂದು ತಾಗಿ, ಆ ಸದ್ದಿಗೆ ಅತ್ತಿಗೆಯ ಅರ್ಧ ಮಾತು ಮುಚ್ಚಿಹೋಗುತ್ತಿತ್ತು.

ಆಸ್ಪತ್ರೆಯ ನರ್ಸಮ್ಮ ಕೀವು ಒರೆಸಿ ಮುಲಾಮು ಹಚ್ಚಿದಳು. ಈ ಕಬ್ಬಿಣ ತೆಗೆಯಬೇಕು, ಇಲ್ಲವೆಂದರೆ ಆ ಮಿಷನ್ ಮುಟ್ಟಬಾರದು, ಎರಡರಲ್ಲಿ ಒಂದು ಎಂದಳು. ಕಬ್ಬಿಣ ಅಲ್ಲ ಚಿನ್ನ ಎಂದೆ. ಕೀವಿಗೆ ಎರಡೂ ಒಂದೇ ಎಂದಳು.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಯೋಚನೆ ಎಂದರೆ ದೊಡ್ಡದಲ್ಲ. ಕಿವಿ ನೋಯುತ್ತಿತ್ತು, ಕತ್ತು ನೋಯುತ್ತಿತ್ತು, ಕೆಲಸ ಮುಗಿಯಬೇಕಿತ್ತು. ಬುಗುಡಿ ಇದ್ದರೆ ತವರು ಉಳಿಯುತ್ತದೆ, ತವರಿನ ಹಾಡು ಹೋಗುತ್ತದೆ. ತೆಗೆದರೆ ಹಾಡು ಉಳಿಯುತ್ತದೆ. ನಾನು ಇನ್ನೆಷ್ಟು ಸಲ ತವರಿಗೆ ಬಂದು ಉಣ್ಣುವವಳು? ಮನೆಗೆ ಬಂದು ಅಣ್ಣನ ಮುಂದೆ ಕೂತೆ.

“ಅಣ್ಣಾ, ಆಕ್ಸಿದ್ದು ನೀನು. ನೀನೇ ತಗೀಬೇಕು. ನಾಳೆ ಆಚಾರಿ ಅತ್ರ ಓಗನ.”

ಅಣ್ಣ ಮುಖ ತಿರುಗಿಸಿದ.

“ಅತ್ತೆ, ಸಾಯ್ದೇ ಬುಗುಡಿ ತೆಗೆಯೋದಾ? ಊರೋರು ಏನಂತಾರೆ?” ಎಂದ ಅಳಿಯ.

“ಊರೋರು ಬಂದು ಈ ಆಡ್ನ ಕೇಳಿ ಬಿಡ್ಸಿ ಏಳ್ತಾರೇನ್ಲಾ? ಸತ್ ಮ್ಯಾಕೆ ತಗಿಯಕ್ಕೆ ಇವ್ನಿರ್ತಾನೋ ಇಲ್ವೋ. ಈಗ್ಲೇ ತಗೀಲಿ.”

ಹೇಳಬಾರದ ಮಾತು ಅದು. ಹೇಳಿಬಿಟ್ಟೆ. ಅಣ್ಣ ಗಂಟಲಿನ ತೂತಿನ ಮೇಲಿದ್ದ ಬಟ್ಟೆಯನ್ನು ಸರಿಮಾಡಿಕೊಂಡು ಎದ್ದು ಹಟ್ಟಿಗೆ ಹೋದ. ಮರುದಿನ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ನಂಗವಳ್ಳಿಯ ಆಚಾರಿ ಉಸಿರಾಡುವ ಹೆಂಗಸಿನ ಬುಗುಡಿ ತಾನು ಕತ್ತರಿಸುವುದಿಲ್ಲ ಎಂದ. ನೀನು ಕತ್ತರಿಸಬೇಡ, ಇಕ್ಕಳ ಕೊಡು ಎಂದೆ. ಎಣ್ಣೆ ಬಿಟ್ಟು ನೋಡಿದರು, ತಿರುಪು ಅಲ್ಲಾಡಲಿಲ್ಲ. ಆಚಾರಿ ಇಕ್ಕಳವನ್ನು ತಿರುಪಿನ ಕಾಂಡಕ್ಕೆ ಸರಿಯಾಗಿ ಕೂರಿಸಿ, ಹಿಡಿಯನ್ನು ಅಣ್ಣನ ಕೈಗೆ ಕೊಟ್ಟ. ಮೊದಲ ಸಲ ಇಕ್ಕಳ ಜಾರಿತು. ಎರಡನೆಯ ಸಲಕ್ಕೆ ಬಲದ್ದು ತುಂಡಾಯಿತು. ಎಡದ್ದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ರಕ್ತ ಸ್ವಲ್ಪ ಬಂತು. ಅಣ್ಣ ಅವೆರಡನ್ನೂ ಟವಲಿನ ಮೂಲೆಗೆ ಗಂಟು ಹಾಕಿಕೊಂಡ. ಸತ್ತವರದ್ದನ್ನು ಹಾಗೇ ಗಂಟು ಹಾಕಿಕೊಳ್ಳುವುದು. ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಅವತ್ತಿನಿಂದ ನಾನು ತವರಿನ ಒಲೆಯ ಅನ್ನ ಮುಟ್ಟುವಂತಿರಲಿಲ್ಲ. ಹುಣಸೆ ಮರದಡಿ ಮೂರು ಕಲ್ಲು ಹೂಡಿಕೊಂಡೆ. ಮಲಗುವುದು ಹಟ್ಟಿಗೆ ತಾಗಿದ ಚಪ್ಪರದಲ್ಲಿ. ಅಳಿಯನ ಹೆಂಡತಿ, ಇದೆಲ್ಲ ಈಗ ಯಾರು ನೋಡುತ್ತಾರೆ ಅತ್ತೆ ಎಂದು ಒಂದು ತಟ್ಟೆ ಅನ್ನ ತಂದಳು. ನೋಡುವವರು ಇದ್ದಾರೋ ಇಲ್ಲವೋ, ಪೆಟ್ಟಿಗೆ ತೆರೆಯುವ ಕೆಲಸದಲ್ಲಿ ಒಂದು ನಿಯಮ ಮುರಿದು ಇನ್ನೊಂದನ್ನು ಹಿಡಿಯಲು ನನಗೆ ಮನಸ್ಸಾಗಲಿಲ್ಲ. ವಾಪಸು ಕಳಿಸಿದೆ. ಅಣ್ಣ ಒಳಗೆ ತನ್ನ ಗಂಜಿ ಕುಡಿದು ಜಗಲಿಯ ಆ ತುದಿಯಲ್ಲಿ ಬೆನ್ನು ಹಾಕಿ ಕೂರುತ್ತಿದ್ದ.

ಗಾಯ ಒಣಗಲೆಂದು ಕೆಲವು ದಿನ ಬಿಟ್ಟು, ಅರಿವೆ ಸುಟ್ಟ ಬೂದಿ ಹಚ್ಚಲು ಹೋದರೆ ನರ್ಸಮ್ಮ ಬೈದಳು ಎಂದು ಮುಲಾಮನ್ನೇ ಹಚ್ಚಿ, ಮತ್ತೆ ಕೂತೆ. ಮಕಮಲ್ಲಿನ ಬಟ್ಟಲು ಎರಡೂ ಕಿವಿಗೆ ಸರಿಯಾಗಿ ಕೂತಿತು. ಎಲ್ಲೂ ಒತ್ತಲಿಲ್ಲ, ಸದ್ದಿಲ್ಲ. ಅಷ್ಟು ದಿನದಲ್ಲಿ ಮೊದಲ ಸಲ ನಾನು ತಲೆಯ ಮೇಲೆ ಏನೋ ಇದೆ ಎಂಬುದನ್ನು ಮರೆತು ಕೇಳಿದೆ. ಒಳ್ಳೆಯ ಹೆಡ್‌ಫೋನ್ ಎಂದರೆ ಅಷ್ಟೇ, ಹಾಕಿಕೊಂಡದ್ದು ಮರೆಯಬೇಕು.

ಅತ್ತಿಗೆ ಬದುಕಿದ್ದಾಗ ಅವಳಿಗೂ ನನಗೂ ಆಗುತ್ತಿರಲಿಲ್ಲ. ಈಗ ಬೆಳಗಿಂದ ಸಂಜೆವರೆಗೆ ಎರಡೂ ಕಿವಿಯಲ್ಲಿ ಅವಳೇ. ಸುಣ್ಣದ ಹಳ್ಳ ಎನ್ನುತ್ತಾಳೆ. ನಾನೂ ಸುಣ್ಣದ ಹಳ್ಳ ಎನ್ನುತ್ತೇನೆ. ನೀರು ಕೊಟ್ಟವಳು ಬಸುರಿ ಹೆಂಗಸು ಎನ್ನುತ್ತಾಳೆ. ನಾನೂ ಎನ್ನುತ್ತೇನೆ. ಎಷ್ಟೋ ಕಡೆ ನನ್ನ ಬಾಯಿ ಗಂಡನ ಮನೆಯ ಹೆಸರಿನ ಕಡೆಗೇ ಹೊರಡುತ್ತಿತ್ತು. ತಡೆದು, ಹಿಂದಕ್ಕೆ ಹೋಗಿ, ಮತ್ತೆ ಕೇಳಿ ಹೇಳಿದೆ. ಬಾಯಿಗೆ ಬಂದದ್ದನ್ನು ಹೇಳುವುದಕ್ಕಿಂತ ಕಿವಿಗೆ ಬಿದ್ದದ್ದನ್ನು ಹೇಳುವುದು ಹೆಚ್ಚು ದಣಿವಿನ ಕೆಲಸ. ಮಧ್ಯೆ ಮಧ್ಯೆ ಅವಳು ಹಾಡು ನಿಲ್ಲಿಸಿ ಕುರಿಮರಿಗೆ ಬೈಯುತ್ತಾಳೆ. ಅದನ್ನೂ ಹೇಳಬೇಕಾ ಎಂದು ಕೇಳಿದೆ. ಬೇಡ ಪಾಟಿ ಎಂದರು ಮೇಡಂ.

ಬರೆದದ್ದನ್ನು ಮೇಡಂ ಜಗಲಿಯಲ್ಲಿ ಓದುತ್ತಿದ್ದರು. ಅಣ್ಣ ಬೆನ್ನು ಹಾಕಿಯೇ ಕೇಳಿದ. ನೆಲಕ್ಕೆ ಬಡಿಯಲಿಲ್ಲ. ಅಳಿಯ ಡ್ಯೂಟಿ ಮುಗಿಸಿ ಬಂದು ತಮಿಳು ಅಕ್ಷರ ಹಿಡಿದು ಕೂರುತ್ತಿದ್ದ. ಹೇಳುವವಳಾಗಿ ಅವನ ಹೆಂಡತಿ. ರಾಗ ತಪ್ಪಿದರೆ ನಾನು ಮರದಡಿಯಿಂದಲೇ ಕೂಗುತ್ತಿದ್ದೆ. ನೀನು ಬಸ್ಸು ನಿಲ್ಲಿಸಿದ ಹಾಗೆ ಕಂಡ ಕಂಡಲ್ಲಿ ಹಾಡು ನಿಲ್ಲಿಸಬೇಡ ಎಂದು ಬೈದೆ.

ಅಮಾವಾಸ್ಯೆಗೆ ಹಾಡಿದರು. ಅಣ್ಣನ ಹಾಗೆ ಹಾಡಿದರು ಎಂದು ನಾನು ಹೇಳುವುದಿಲ್ಲ. ಅಳಿಯನ ದನಿ ನಡುವೆ ಒಡೆಯಿತು, ಒಂದು ಕಡೆ ಕಾಗದ ತಿರುಗಿಸಲು ತಡವಾಯಿತು. ಆದರೆ ಇಳಿದಾಣ ಒಂದೂ ತಪ್ಪಲಿಲ್ಲ. ಅಣ್ಣ ಮುಂದೆ ಕೂತು ಪ್ರತಿ ಹೆಸರಿಗೂ ಮೊಣಕಾಲ ಮೇಲೆ ಬೆರಳು ತಟ್ಟುತ್ತಿದ್ದ. ಕೊನೆಯದನ್ನು ತಟ್ಟಿ ಕೈ ಎತ್ತಿದ. ಪೆಟ್ಟಿಗೆ ತೆರೆದರು. ತವರು ಮುಗಿದವಳಾಗಿ ನಾನು ಹೊರಗೆ, ಬೇಲಿಯ ಈಚೆ ನಿಂತಿದ್ದೆ. ಅಲ್ಲಿಂದ ಪೆಟ್ಟಿಗೆ ಕಾಣುವುದಿಲ್ಲ, ಅಣ್ಣನ ಮುಖ ಕಾಣುತ್ತದೆ. ಅದು ಸಾಕಿತ್ತು. ಕಾಲು ಬಹಳ ನೋಯುತ್ತಿತ್ತು, ಹೋಗಿ ಮಲಗಿದೆ.

ಮರುದಿನ ಬೆಳಗ್ಗೆ ಚೀಲ ಕಟ್ಟಿಟ್ಟು, ಬಸ್ಸಿಗೆ ಮುಂಚೆ ಕುಡಿದು ಹೋಗೋಣವೆಂದು ಮೂರು ಕಲ್ಲಿನ ಮೇಲೆ ರಾಗಿ ಗಂಜಿ ಕಾಯಿಸಿದೆ. ಅಣ್ಣ ಒಳಗಿಂದ ತನ್ನ ಲೋಟ ಹಿಡಿದುಕೊಂಡು ಬಂದು, ಬುಗುಡಿ ಬಿಚ್ಚಿದ ಮೇಲೆ ಮೊದಲ ಸಲ ನನ್ನ ಎದುರಿಗೆ ಕೂತು, ಲೋಟ ಮುಂದೆ ಹಿಡಿದ. ತವರಿನ ಅನ್ನ ನನಗಿಲ್ಲ ಎಂದು ನಿಯಮ ಇದೆ. ನನ್ನ ಗಂಜಿ ಅವನಿಗಿಲ್ಲ ಎಂದು ಯಾವ ನಿಯಮವೂ ಇಲ್ಲ. ಗಂಟಲಿಗೆ ಸಿಕ್ಕದಿರಲೆಂದು ಗಂಜಿಗೆ ಇನ್ನಷ್ಟು ನೀರು ಬೆರೆಸಿ, ಆರಿಸಿ, ಅವನ ಲೋಟಕ್ಕೆ ಸುರಿದೆ.